ಶ್ವಾಸಕೋಶದ ದೀರ್ಘಕಾಲೀನ ಕಾಯಿಲೆಗೆ ಯಾವ ಪೂರಕ? ಎನ್‌ಎಸಿ, ವಿಟಮಿನ್ ಡಿ, ಜ್ಯೇಷ್ಠಮಧು, ಆಡುಸೋಗೆ

ಮೊದಲೇ ಹೇಳಿಬಿಡುತ್ತೇನೆ: ಇವು ಯಾವುವೂ ಇನ್‌ಹೇಲರ್‌ಗೆ ಬದಲಿಯಲ್ಲ.

ಗಟ್ಟಿ ಕಫವೇ ಮುಖ್ಯ ತೊಂದರೆಯಾಗಿದ್ದರೆ ಎನ್‌ಎಸಿ (ಎನ್-ಅಸಿಟೈಲ್‌ಸಿಸ್ಟೀನ್) ಮುಂದಿದೆ. ಕಫದ ಪ್ರೋಟೀನ್ ಎಳೆಗಳನ್ನು ಹಿಡಿದಿಡುವ ಗಂಧಕದ ಬಂಧಗಳನ್ನು ಇದು ಕಡಿದು ಕಫವನ್ನು ತೆಳುವಾಗಿಸುತ್ತದೆ. ಶ್ವಾಸನಾಳ ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲೀನ ಕಾಯಿಲೆ ಸಿಒಪಿಡಿಯಲ್ಲಿ ಕಾಯಿಲೆ ಉಲ್ಬಣಿಸುವುದು ಕಡಿಮೆಯಾದದ್ದನ್ನು ಕೆಲವು ಅಧ್ಯಯನಗಳು ತೋರಿಸಿವೆ, ಎಲ್ಲವೂ ಅಲ್ಲ. ಶ್ವಾಸಕೋಶ ನಾರುಗಟ್ಟುವ ಐಪಿಎಫ್ ಕಾಯಿಲೆಯಲ್ಲಿ 2014ರ ಪ್ರಯೋಗದಲ್ಲಿ ಎನ್‌ಎಸಿಯಿಂದ ವಿಶೇಷ ಲಾಭ ಕಾಣಲಿಲ್ಲ. ಆಸ್ತಮಾ ಇರುವವರು ಇದನ್ನು ನೆಬ್ಯುಲೈಸರ್‌ನಲ್ಲಿ ಸೇದಿದರೆ ಶ್ವಾಸನಾಳ ಬಿಗಿಯಬಹುದು.

ವಿಟಮಿನ್ ಡಿಯ ವಿಷಯ ಸರಳ: ರಕ್ತಪರೀಕ್ಷೆಯಲ್ಲಿ ತೀವ್ರ ಕೊರತೆ ಕಂಡರೆ ಪ್ರಯೋಜನ ನಿರೀಕ್ಷಿಸಬಹುದು. ಕೊರತೆಯಿಲ್ಲದವರು ಹೆಚ್ಚು ನುಂಗಿದರೆ ಕ್ಯಾಲ್ಸಿಯಂ ಏರುವ ಅಪಾಯವೇ ಉಳಿಯುತ್ತದೆ.

ಗಿಡಮೂಲಿಕೆಗಳಲ್ಲಿ ಜ್ಯೇಷ್ಠಮಧು ಗಂಟಲಿಗೆ ಹಿತ. ಆದರೆ ದಿನವೂ ಬೇಕೆನ್ನುವವರಿಗೆ ನಾನು ಬೇಡವೆನ್ನುತ್ತೇನೆ. ಅದರಲ್ಲಿರುವ ಗ್ಲಿಸಿರೈಜಿನ್ ಎಂಬ ಅಂಶ ರಕ್ತದೊತ್ತಡ ಏರಿಸಿ ಪೊಟ್ಯಾಸಿಯಂ ಇಳಿಸುತ್ತದೆ. ಶ್ವಾಸನಾಳ ಸಡಿಲಿಸುವ ಔಷಧಿ ಸಾಲ್ಬುಟಮಾಲ್, ಸ್ಟೀರಾಯ್ಡ್ ಮಾತ್ರೆಗಳೂ ಪೊಟ್ಯಾಸಿಯಂ ಇಳಿಸುವಂಥವೇ. ಮೂರೂ ಸೇರಿದರೆ ಹೃದಯದ ಲಯ ತಪ್ಪಬಹುದು. ಆಡುಸೋಗೆಯಲ್ಲಿರುವ ವ್ಯಾಸಿಸಿನ್ ಎಂಬ ಅಂಶದಿಂದಲೇ ಬ್ರೋಮ್‌ಹೆಕ್ಸಿನ್ ಎಂಬ ಕಫದ ಔಷಧಿ ರೂಪುಗೊಂಡಿತು. ಹಾಗೆಂದು ಎಲೆಯ ಕಷಾಯಕ್ಕೆ ನಿಖರ ಪ್ರಮಾಣವಿದೆ ಎಂದಲ್ಲ, ಗರ್ಭಿಣಿಯರಿಗಂತೂ ಅದು ಸಲ್ಲದು.

ಧೂಮಪಾನಿಗಳು ಬೀಟಾ ಕ್ಯಾರೋಟಿನ್ ಮಾತ್ರೆಗಳನ್ನು ಮುಟ್ಟಲೇಬಾರದು. 1990ರ ದಶಕದ ಎರಡು ದೊಡ್ಡ ಪ್ರಯೋಗಗಳಲ್ಲಿ ಅವರಿಗೆ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಾಯಿತು.

ಆಯ್ಕೆ ನನ್ನದಾದರೆ, ಕಫಕ್ಕೆ ಎನ್‌ಎಸಿಯನ್ನು ವೈದ್ಯರಿಗೆ ತಿಳಿಸಿಯೇ ಶುರುಮಾಡುತ್ತೇನೆ. ವಿಟಮಿನ್ ಡಿಯನ್ನು ಪರೀಕ್ಷೆಯ ನಂತರ.