ತಂತ್ರಾಂಶ ಪುಕ್ಕಟೆ, ಸೇವೆಗೆ ದುಡ್ಡು: ನಮ್ಮ ಯುಪಿಎಸ್ ಅಂಗಡಿಯಲ್ಲಿ ಇಆರ್‌ಪಿನೆಕ್ಸ್ಟ್

ದಾವಣಗೆರೆಯ ಪಿ.ಬಿ. ರಸ್ತೆಗೆ ಹತ್ತಿರದಲ್ಲಿ ನಮ್ಮದೊಂದು ಯುಪಿಎಸ್ ಮತ್ತು ಬ್ಯಾಟರಿ ಅಂಗಡಿಯಿದೆ. ಹೊಸ ಬ್ಯಾಟರಿ ಮಾರಿದರೆ ಉಳಿಯುವುದು ಅಷ್ಟಕ್ಕಷ್ಟೇ. ಅಂಗಡಿಯ ಬಾಡಿಗೆ ಮತ್ತು ಆರು ಮಂದಿ ಮೆಕ್ಯಾನಿಕ್‌ಗಳ ಸಂಬಳ ಹೊರಡುವುದು ಪಿ.ಜೆ. ಬಡಾವಣೆಯ ಕ್ಲಿನಿಕ್‌ಗಳು, ಹರಿಹರದ ಅಕ್ಕಿ ಗಿರಣಿಗಳು, ಜಗಳೂರು ಮತ್ತು ಚನ್ನಗಿರಿ ಕಡೆಯ ಸಹಕಾರ ಸಂಘಗಳು ನಮ್ಮೊಂದಿಗೆ ಮಾಡಿಕೊಂಡಿರುವ ವಾರ್ಷಿಕ ನಿರ್ವಹಣಾ ಒಪ್ಪಂದಗಳಿಂದ, ಅಂದರೆ ಎಲ್ಲರೂ ಎಎಂಸಿ ಎನ್ನುವುದರಿಂದ. ಇವುಗಳ ಲೆಕ್ಕ ಇಡಲೆಂದು 2021ರ ಆಗಸ್ಟ್‌ನಲ್ಲಿ ಇಆರ್‌ಪಿನೆಕ್ಸ್ಟ್ ಎಂಬ, ವ್ಯಾಪಾರದ ಬಿಲ್ಲು, ದಾಸ್ತಾನು, ಲೆಕ್ಕಪತ್ರಗಳನ್ನು ಒಂದೆಡೆ ನೋಡಿಕೊಳ್ಳುವ ತಂತ್ರಾಂಶವನ್ನು ಅಳವಡಿಸಿಕೊಂಡೆವು. ನಾಲ್ಕು ವರ್ಷಕ್ಕೂ ಮೀರಿದ ಬಳಕೆಯ ನಂತರ ಇದನ್ನು ಬರೆಯುತ್ತಿದ್ದೇನೆ.

ಮುಂಬೈನ ಫ್ರಾಪೆ ಸಂಸ್ಥೆ ರೂಪಿಸಿದ ಈ ತಂತ್ರಾಂಶ ಜಿಪಿಎಲ್ ಮೂರನೇ ಆವೃತ್ತಿಯ ಪರವಾನಗಿಯಡಿ ಸಿಗುತ್ತದೆ. ಮೂಲ ಕೋಡನ್ನು ಯಾರು ಬೇಕಾದರೂ ಇಳಿಸಿಕೊಂಡು, ತಮ್ಮದೇ ಸರ್ವರ್‌ನಲ್ಲಿ ಕೂರಿಸಿಕೊಂಡು, ಎಷ್ಟು ಜನ ಬೇಕಾದರೂ ಬಳಸಬಹುದು. ತಲೆಗಿಷ್ಟು ಎಂಬ ಶುಲ್ಕವಿಲ್ಲ. ಸಂಸ್ಥೆಗೆ ಆದಾಯ ಬರುವುದು ಹೋಸ್ಟಿಂಗ್ ಮತ್ತು ಬೆಂಬಲ ಸೇವೆಗಳಿಂದ. ಅಳವಡಿಸಿಕೊಡುವವರು ತಮ್ಮ ದುಡಿಮೆಗೆ ಬೇರೆ ಹಣ ಪಡೆಯುತ್ತಾರೆ. ಇಷ್ಟನ್ನೂ ವಿವರಿಸಿ ಹೇಳಿದ್ದರೂ ನಾನು ಕೇಳಿಸಿಕೊಂಡದ್ದು ‘ಪುಕ್ಕಟೆ’ ಎಂಬ ಒಂದೇ ಮಾತನ್ನು. ಅಳವಡಿಸಿಕೊಟ್ಟ ಇಲ್ಲಿನ ಯುವಕ ವರ್ಷಕ್ಕಿಷ್ಟು ಎಂದು ನಿರ್ವಹಣಾ ಒಪ್ಪಂದವನ್ನು ಮುಂದಿಟ್ಟಾಗ, ‘ಕೆಟ್ರೆ ಕರೀತೀವಿ ಬಿಡಪ್ಪ, ಆಗ ನೋಡ್ಕೊಳ್ಳೋಣ’ ಎಂದೆ. ಇದೇ ಮಾತನ್ನು ನಮ್ಮ ಗಿರಾಕಿಗಳು ಆಡಿದಾಗ ನನಗೆ ಎಷ್ಟು ಸಿಟ್ಟು ಬರುತ್ತದೆ ಎಂಬುದು ಆ ಹೊತ್ತಿಗೆ ನೆನಪಾಗಲಿಲ್ಲ.

ತಂತ್ರಾಂಶ ಮಾತ್ರ ನಿರೀಕ್ಷೆಗಿಂತ ಚೆನ್ನಾಗಿ ದುಡಿಯಿತು. ಪ್ರತಿಯೊಂದು ಬ್ಯಾಟರಿಯ ಸೀರಿಯಲ್ ನಂಬರಿನ ಎದುರಿಗೆ ವಾರಂಟಿ ಮತ್ತು ಎಎಂಸಿ ಮುಗಿಯುವ ದಿನಾಂಕಗಳು ನಿಲ್ಲುತ್ತವೆ. ಒಪ್ಪಂದ ಶುರುವಾಗುವ ದಿನ ಮತ್ತು ವರ್ಷಕ್ಕೆ ಎಷ್ಟು ಭೇಟಿ ಎಂಬುದನ್ನು ಕೊಟ್ಟರೆ, ಭೇಟಿಯ ದಿನಗಳನ್ನು ಅದೇ ಹಾಕಿಕೊಡುತ್ತದೆ. ಹಿಂದೆ ಇದೆಲ್ಲ ಗೋಡೆಯ ಕ್ಯಾಲೆಂಡರಿನಲ್ಲಿ ಇರುತ್ತಿತ್ತು. ಒಂದು ಭೇಟಿ ತಪ್ಪಿ, ಡಿಸ್ಟಿಲ್ಡ್ ವಾಟರ್ ಇಳಿದು, ಪ್ಲೇಟುಗಳು ಒಣಗಿದ ಮೇಲೆ ಗಿರಾಕಿ ಫೋನ್ ಮಾಡುತ್ತಿದ್ದರು. ಇದಕ್ಕಿಂತ ದೊಡ್ಡ ಉಪಕಾರ ಬೇರೊಂದಿದೆ. ಪ್ರತಿ ಭೇಟಿಯೂ ನಿಗದಿತವೋ, ನಿಗದಿಯಲ್ಲದ್ದೋ, ಬ್ರೇಕ್‌ಡೌನೋ ಎಂದು ಬೇರೆ ಬೇರೆಯಾಗಿ ದಾಖಲಾಗುತ್ತದೆ. ಎರಡನೇ ವರ್ಷ ಅದನ್ನು ಗಿರಾಕಿವಾರು ತೆಗೆದು ನೋಡಿದಾಗ, ಕ್ಲಿನಿಕ್‌ಗೂ ಅಕ್ಕಿ ಗಿರಣಿಗೂ ಒಂದೇ ದರದ ಒಪ್ಪಂದ ಮಾಡಿಕೊಂಡು ನಾವೇ ಕೈ ಸುಟ್ಟುಕೊಳ್ಳುತ್ತಿದ್ದೆವೆಂಬುದು ತಿಳಿಯಿತು. ಗಿರಣಿಯ ತೌಡಿನ ಧೂಳು ಯುಪಿಎಸ್‌ನ ಫ್ಯಾನಿಗೆ ಮೆತ್ತಿಕೊಂಡು ಬ್ರೇಕ್‌ಡೌನ್ ಕರೆಗಳು ಮೇಲಿಂದ ಮೇಲೆ ಬರುತ್ತಿದ್ದವು. ಮರುವರ್ಷ ಗಿರಣಿಗಳ ದರ ಏರಿಸಿದೆವು. ಪಟ್ಟಿಯನ್ನು ತೋರಿಸಿದ್ದರಿಂದ ಯಾರೂ ಹೆಚ್ಚು ಚೌಕಾಸಿ ಮಾಡಲಿಲ್ಲ.

ಇನ್ನು ಪೆಟ್ಟು ಬಿದ್ದ ಕಥೆ. ಹಳೆಯ ಬ್ಯಾಟರಿಯನ್ನು ತೂಗಿ, ಬೆಲೆ ಕಟ್ಟಿ, ಹೊಸದರ ಬಿಲ್ಲಿನಲ್ಲಿ ಕಳೆಯುವುದು ನಮ್ಮ ವ್ಯಾಪಾರದ ವಾಡಿಕೆ. ಇದಕ್ಕೆ ಬೇಕಾದ ಬದಲಾವಣೆಯನ್ನು ಆ ಯುವಕ ಪ್ರತ್ಯೇಕ ಆ್ಯಪ್ ಆಗಿ ಬರೆಯುವ ಬದಲು ಮೂಲ ಕೋಡಿನೊಳಗೇ ತಿದ್ದಿಬಿಟ್ಟಿದ್ದ. ದೀಪಾವಳಿಯೊಳಗೆ ಆಗಲೇಬೇಕೆಂದು ಅವಸರಪಡಿಸಿದವನು ನಾನು, ಆದ್ದರಿಂದ ತಪ್ಪನ್ನೆಲ್ಲ ಅವನ ತಲೆಗೆ ಕಟ್ಟಲಾರೆ. 2023ರಲ್ಲಿ 13ನೇ ಆವೃತ್ತಿಯಿಂದ 14ಕ್ಕೆ ಹೋಗಲು ಹೊರಟಾಗ ಅಪ್‌ಡೇಟ್ ಅರ್ಧದಲ್ಲಿ ನಿಂತಿತು. ಆ ಆವೃತ್ತಿಯಲ್ಲಿ ಭಾರತದ ಜಿಎಸ್‌ಟಿ ಭಾಗವನ್ನು ಮೂಲ ತಂತ್ರಾಂಶದಿಂದ ಹೊರತೆಗೆದು ‘ಇಂಡಿಯಾ ಕಂಪ್ಲಯನ್ಸ್’ ಎಂಬ ಬೇರೆ ಆ್ಯಪ್ ಮಾಡಿದ್ದರು. ನಮ್ಮ ತಿದ್ದುಪಡಿ ಇದ್ದದ್ದು ಅದೇ ಬಿಲ್ಲಿನ ಕಡತಗಳಲ್ಲಿ, ಹಾಗಾಗಿ ಹೊಸದಕ್ಕೂ ಅದಕ್ಕೂ ಹೊಂದಿಕೆಯಾಗಲಿಲ್ಲ. 11ನೇ ತಾರೀಖಿನೊಳಗೆ ಜಿಎಸ್‌ಟಿಆರ್-1, ಅಂದರೆ ತಿಂಗಳ ಮಾರಾಟದ ವಿವರ, ಸಲ್ಲಿಸಬೇಕಾಗಿದ್ದ ವಾರದಲ್ಲಿ ಮೂರು ದಿನ ಕೈಬರಹದ ಬಿಲ್ಲು ಕೊಟ್ಟೆವು. ಆ ಯುವಕ ಅಷ್ಟರಲ್ಲಿ ಬೆಂಗಳೂರಿನ ಕೆಲಸಕ್ಕೆ ಸೇರಿದ್ದ. ಆದರೂ ರಾತ್ರಿ ಹನ್ನೊಂದರವರೆಗೆ ಫೋನಿನಲ್ಲಿ ಕೂತು ಹಳೆಯ ಆವೃತ್ತಿಯನ್ನೇ ಮತ್ತೆ ನಿಲ್ಲಿಸಿಕೊಟ್ಟ. ಒಪ್ಪಂದವೇ ಇಲ್ಲದ ಗಿರಾಕಿಗೆ ನಾನಾಗಿದ್ದರೆ ಅಷ್ಟು ಮಾಡುತ್ತಿರಲಿಲ್ಲ.

ಬಳಿಕ ಊರಿನ ಇನ್ನೊಂದು ಸಣ್ಣ ತಂಡಕ್ಕೆ ಎಎಂಸಿ ಕೊಟ್ಟೆವು. ಹಳೆಯ ಬ್ಯಾಟರಿಯ ಲೆಕ್ಕವನ್ನು ಪ್ರತ್ಯೇಕ ಆ್ಯಪಿಗೆ ಸಾಗಿಸಲು ಅವರಿಗೆ ಒಂದು ತಿಂಗಳು ಹಿಡಿಯಿತು. ಖರ್ಚು ಮೊದಲ ಅಳವಡಿಕೆಗಿಂತ ಹೆಚ್ಚಾಯಿತು. ಆ ಹಣ ಎಲ್ಲಿಗೆ ಹೋಯಿತೆಂಬುದು 2025ರ ಸೆಪ್ಟೆಂಬರ್‌ನಲ್ಲಿ ಕಾಣಿಸಿತು. ಲೆಡ್ ಆ್ಯಸಿಡ್ ಬ್ಯಾಟರಿಗಳ ಮೇಲಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಲಿದೆ ಎಂದು 3ನೇ ತಾರೀಖಿನ ಮಂಡಳಿ ಸಭೆಯ ನಂತರ ತಿಳಿಯಿತು, ಜಾರಿ 22ರಿಂದ. ನಡುವಿನ ದಿನಗಳಲ್ಲಿ ವ್ಯಾಪಾರ ಸತ್ತಂತಿತ್ತು, ಯಾರೂ ಬ್ಯಾಟರಿ ಕೊಳ್ಳಲಿಲ್ಲ. 22ರ ಬೆಳಿಗ್ಗೆ ಬಾಗಿಲು ತೆಗೆಯುವಷ್ಟರಲ್ಲಿ ಗಿರಾಕಿಗಳು ಕಾದಿದ್ದರು, ತೆರಿಗೆ ದರ ಹಿಂದಿನ ರಾತ್ರಿಯೇ ಬದಲಾಗಿತ್ತು. ಅದು ತಾನಾಗಿ ಬದಲಾಗಿರಲಿಲ್ಲ. ಯಾರೋ ಒಬ್ಬರು ಕೂತು ಪ್ರತಿ ಐಟಮ್ಮಿನ ತೆರಿಗೆಯನ್ನು ತಿದ್ದಿದ್ದರು.

ಕೊರತೆಗಳೂ ಇವೆ. ನಮ್ಮ ಬಳಕೆಯಲ್ಲಿ ಇದು ಇಂಟರ್ನೆಟ್ ಇಲ್ಲದೆ ಕೆಲಸಕ್ಕೆ ಬಾರದು. ಜಗಳೂರಿನಾಚೆಯ ಹಳ್ಳಿಗಳಲ್ಲಿ ನೆಟ್‌ವರ್ಕ್ ಸಿಗದೆ ಮೆಕ್ಯಾನಿಕ್‌ಗಳು ಈಗಲೂ ಕಾಗದದ ಜಾಬ್ ಕಾರ್ಡ್ ಬರೆದು ತಂದು ಸಂಜೆ ನಮೂದಿಸುತ್ತಾರೆ. ಪರದೆಯ ಭಾಷೆಯನ್ನು ಕನ್ನಡಕ್ಕೆ ಬದಲಿಸಬಹುದಾದರೂ ಅನುವಾದ ಅಲ್ಲಲ್ಲಿ ತೀರ ಯಾಂತ್ರಿಕವಾಗಿದೆ. ನಮ್ಮ ಹುಡುಗರು ಒಂದು ವಾರ ನೋಡಿ, ನಕ್ಕು, ಮತ್ತೆ ಇಂಗ್ಲಿಷಿಗೆ ಹೋದರು.

ಒಬ್ಬರೋ ಇಬ್ಬರೋ ಮೆಕ್ಯಾನಿಕ್ ಇರುವ ಅಂಗಡಿಗೆ ಇದನ್ನು ಹೇಳಲಾರೆ. ಅಲ್ಲಿಗೆ ನೋಟ್‌ಬುಕ್ಕೂ ಒಂದು ಸರಳ ಬಿಲ್ಲಿಂಗ್ ಆ್ಯಪೂ ಸಾಕು. ಅದಕ್ಕಿಂತ ದೊಡ್ಡ ವ್ಯವಹಾರವಿದ್ದು ಇದನ್ನು ಹಾಕಿಕೊಳ್ಳುವವರು ಮೂರು ವರ್ಷದ ನಿರ್ವಹಣೆಯ ಖರ್ಚನ್ನು ಮೊದಲ ದಿನವೇ ಕೂಡಿಸಿ ನೋಡಲಿ. ತಮಗಾಗಿ ಬರೆಸಿದ ಕೋಡಿನ ಪ್ರತಿ ಮತ್ತು ಸರ್ವರ್‌ನ ಪಾಸ್‌ವರ್ಡ್ ತಮ್ಮ ಬಳಿಯೇ ಇರಬೇಕೆಂದು ಒಪ್ಪಂದದಲ್ಲಿ ಬರೆಸಿಕೊಳ್ಳಲಿ. ನಮ್ಮ ಮೊದಲ ಯುವಕ ಊರು ಬಿಟ್ಟಾಗ ಆ ಪಾಸ್‌ವರ್ಡ್ ಇದ್ದದ್ದು ಅವನ ಲ್ಯಾಪ್‌ಟಾಪಿನಲ್ಲಿ ಮಾತ್ರ.