ಇರಿ ಸರೋವರಕ್ಕೆ ಹಂಪನಕಟ್ಟೆಯ ಹಳೇ ಕಂಪ್ಯೂಟರ್

ಮಂಗಳೂರಿನ ಹಂಪನಕಟ್ಟೆ ಹತ್ತಿರದ ಒಂದು ಅಂಗಡಿಯಿಂದ ಮಾರ್ಚ್‌ನಲ್ಲಿ ಸೆಕೆಂಡ್ ಹ್ಯಾಂಡ್ ವರ್ಕ್‌ಸ್ಟೇಷನ್ ತಂದೆ. ಎಂಟೆಂಟು ಕೋರಿನ ಎರಡು ಪ್ರೊಸೆಸರ್, 64 ಜಿಬಿ ರ‍್ಯಾಮ್, 48 ಸಾವಿರ ರೂಪಾಯಿ. ಅಂಗಡಿಯವರು ಮೊದಲು ಕೇಳಿದ್ದು, "ಗೇಮ್ ಆಡ್ಲಿಕ್ಕಾ ಮೇಡಂ?" ಕೆರೆ ನೀರು ಹೇಗೆ ಓಡಾಡ್ತದೆ ಅಂತ ಲೆಕ್ಕ ಹಾಕ್ಲಿಕ್ಕೆ ಅಂದೆ. "ಯಾವ ಕೆರೆ? ಗುಜ್ಜರಕೆರೆಯಾ?"

ಅಲ್ಲ ಮಾರಾಯ್ರೆ, ಅಮೆರಿಕ–ಕೆನಡಾ ಗಡಿಯ ಇರಿ. ಉದ್ದ 388 ಕಿ.ಮೀ., ಇಲ್ಲಿಂದ ಬೆಂಗಳೂರಿಗಿಂತ ಜಾಸ್ತಿ. ಸರಾಸರಿ ಆಳ ಮಾತ್ರ 19 ಮೀಟರ್. ತಟ್ಟೆಗೆ ಸಾರು ಹಾಕಿದ ಹಾಗೆ! ನೈಋತ್ಯದ ಗಾಳಿ ಜೋರಾದರೆ ಪೂರ್ವದ ಬಫಲೋದಲ್ಲಿ ನೀರು ಏರುತ್ತದೆ, ಪಶ್ಚಿಮದ ಟೊಲೆಡೊದಲ್ಲಿ ಇಳಿಯುತ್ತದೆ. ಗಾಳಿ ನಿಂತ ಮೇಲೂ ನೀರು ತೊಟ್ಟಿಲಿನಂತೆ ತೂಗುತ್ತಿರುತ್ತದೆ. ಒಮ್ಮೆ ಹೋಗಿ ಬರಲು ಸುಮಾರು 14 ಗಂಟೆ. ಇದಕ್ಕೆ ಸೇಶ್ ಎನ್ನುತ್ತಾರೆ.

ನಾನು ಓಡಿಸುವುದು ಎಫ್‌ವಿಕಾಮ್. ಸರೋವರವನ್ನು ತ್ರಿಕೋನಗಳಾಗಿ ಕತ್ತರಿಸಿ ಲೆಕ್ಕ ಹಾಕುವ ಮಾಡೆಲ್. ಇರಿಯ ಮುನ್ಸೂಚನೆಗೆ ಅಮೆರಿಕದ ಹವಾಮಾನ–ಸಾಗರ ಸಂಸ್ಥೆ ನೋವಾ ಬಳಸುವುದೂ ಇದನ್ನೇ. ತ್ರಿಕೋನದ ಬದಿ ಅರ್ಧ ಮಾಡಿದರೆ ತ್ರಿಕೋನಗಳು ನಾಲ್ಕು ಪಟ್ಟು. ಒಂದು ಲೆಕ್ಕದಿಂದ ಮುಂದಿನ ಲೆಕ್ಕಕ್ಕೆ ಇಡುವ ಸಮಯದ ಹೆಜ್ಜೆಯನ್ನೂ ಅರ್ಧ ಮಾಡಬೇಕು, ಇಲ್ಲವಾದರೆ ಲೆಕ್ಕ ಸಿಡಿದು ಹೋಗುತ್ತದೆ. ಒಟ್ಟು ಕೆಲಸ ಎಂಟು ಪಟ್ಟು! ಹಳೇ ಲ್ಯಾಪ್‌ಟಾಪ್‌ನಲ್ಲಿ ಎರಡು ದಿನ ಹಿಡಿಯುತ್ತಿದ್ದ ಒಂದು ಬಿರುಗಾಳಿಯ ಲೆಕ್ಕ ಇದರಲ್ಲಿ ಒಂದೇ ರಾತ್ರಿಗೆ ಮುಗಿಯುತ್ತದೆ. ಬೆಳಿಗ್ಗೆ ಚಾ ಕುಡಿಯುತ್ತಾ ಬಫಲೋದ ನಿಜವಾದ ನೀರಿನ ಮಟ್ಟದ ಜೊತೆ ಹೋಲಿಸುತ್ತೇನೆ. ಆ ಅಂಕಿಗಳನ್ನು ನೋವಾ ಪುಕ್ಕಟೆ ಕೊಡುತ್ತದೆ.

ರ‍್ಯಾಮ್ 32 ಇದ್ದರೂ ಧಾರಾಳ ಸಾಕಿತ್ತು. ಗ್ರಾಫಿಕ್ಸ್ ಕಾರ್ಡ್ ಸುಮ್ನೆ ಕೂತಿದೆ. ಅದಿಲ್ಲದ್ದು ಕೇಳಿದ್ದರೆ ನಾಲ್ಕೈದು ಸಾವಿರ ಉಳಿಯುತ್ತಿತ್ತೋ ಏನೋ.

ಮೇ ತಿಂಗಳ ಸೆಕೆಗೆ ಒಂದು ಫ್ಯಾನ್ ಕೈಕೊಟ್ಟಿತು. ಎಲ್ಲ ಕೋರುಗಳೂ ರಾತ್ರಿಯಿಡೀ ದುಡಿದರೆ ಕೋಣೆಯೇ ಒಲೆ. ಅಂಗಡಿಯವರು ಎರಡು ದಿನ "ನಾಳೆ ಬನ್ನಿ" ಅಂದು ಮೂರನೇ ದಿನ ದುಡ್ಡು ತಗೊಳ್ಳದೆ ಬದಲಾಯಿಸಿದರು. ಯುಪಿಎಸ್ ಮಾತ್ರ ಅವರಲ್ಲಿ ತಗೊಳ್ಳಬೇಡಿ. ನನಗೆ ಕೊಟ್ಟದ್ದು ಹತ್ತು ನಿಮಿಷವೂ ನಿಲ್ಲಲಿಲ್ಲ. ಮಳೆಗಾಲದಲ್ಲಿ ಕರೆಂಟ್ ಹೋಗುವುದು ಗೊತ್ತಲ್ವಾ? ಮಾಡೆಲ್‌ನ ಪ್ರತಿ ದಿನದ ಕೊನೆಗೆ, ನಿಂತಲ್ಲಿಂದ ಮುಂದುವರಿಸಲಿಕ್ಕೆ ಬೇಕಾದ ರೀಸ್ಟಾರ್ಟ್ ಫೈಲ್ ಬರೆಸಿಡುತ್ತೇನೆ, ಹಾಗಾಗಿ ಬಚಾವ್.

ಫ್ಯಾನ್ ಹಾಕಿಸಿಕೊಂಡು ಹೊರಟಾಗ ಅವರು ಕೇಳಿದರು, "ನಿಮ್ಮ ಕೆರೆಯಲ್ಲಿ ನೀರು ಈಗ ಯಾವ ಕಡೆ ಉಂಟು ಮೇಡಂ?"