ರಿಯಾಕ್ಟ್ ಕಲಿಯೋಕೆ ಹಳೇ ವಿಡಿಯೊ, ಡಾಕ್ಸ್, ಎಐ: ಯಾವುದು ವಾಸಿ?

ಮನೆ ಖರ್ಚಿನ ಲೆಕ್ಕ ಇಡುವ ಒಂದು ಚಿಕ್ಕ ಆ್ಯಪ್. ಅದನ್ನೇ ಮೂರು ದಾರಿಯಲ್ಲಿ ರಿಯಾಕ್ಟ್ (ವೆಬ್ ಆ್ಯಪ್‌ನ ಪರದೆ ಕಟ್ಟುವ ಜಾವಾಸ್ಕ್ರಿಪ್ಟ್ ಲೈಬ್ರರಿ) ಕಲಿಯುತ್ತಾ ಕಟ್ಟಿ ನೋಡಿದೆ.

ಮೊದಲು 2020ರ ಒಂದು ಯೂಟ್ಯೂಬ್ ಸರಣಿ. ಪಾಠ ಮಾಡುವ ರೀತಿ ನಿಜಕ್ಕೂ ಚೆನ್ನಾಗಿದೆ. ಸ್ಟೇಟ್ (ಆ್ಯಪ್‌ನ ಒಂದು ಭಾಗ ನೆನಪಿಡುವ ಡೇಟಾ), ಪ್ರಾಪ್ಸ್ (ಒಂದು ಭಾಗ ಇನ್ನೊಂದಕ್ಕೆ ಕೊಡುವ ಡೇಟಾ) ಅಂದರೇನು ಅಂತ ತಲೆಗೆ ಹತ್ತಿದ್ದು ಇಲ್ಲೇ. ತೊಂದರೆ ಇರೋದು ಕೋಡ್ ಬರೆಯಲು ಕೂತಾಗ. ಮೊದಲ ಕಮಾಂಡೇ ಕ್ರಿಯೇಟ್ ರಿಯಾಕ್ಟ್ ಆ್ಯಪ್, ಹೊಸ ಪ್ರಾಜೆಕ್ಟ್ ಶುರು ಮಾಡಿಕೊಡುವ ಟೂಲ್. ಹೊಸ ಆ್ಯಪ್‌ಗೆ ಅದು ಬೇಡ ಅಂತ ರಿಯಾಕ್ಟ್ ತಂಡವೇ 2025ರ ಫೆಬ್ರವರಿಯಲ್ಲಿ ಹೇಳಿದೆ. ಸರಿ, ಅದೇ ಕೆಲಸ ಮಾಡುವ ವೀಟ್ ಬಳಸೋಣ ಅಂದರೆ ರಿಯಾಕ್ಟ್‌ನ 19ನೇ ವರ್ಷನ್ ಬಂದು ಕೂರುತ್ತದೆ. ಆ್ಯಪನ್ನು ಪರದೆ ಮೇಲೆ ತರೋಕೆ ವಿಡಿಯೊದಲ್ಲಿ ಬಳಸಿರುವ ರಿಯಾಕ್ಟ್‌ಡಾಮ್ ಡಾಟ್ ರೆಂಡರ್ 18ರಲ್ಲಿ ಬರೀ ಎಚ್ಚರಿಕೆ ಕೊಟ್ಟು ಓಡುತ್ತಿತ್ತು, 19ರಲ್ಲಿ ಕಿತ್ತೇ ಹಾಕಿದ್ದಾರೆ. ಈಗ ಅದರ ಬದಲು ಕ್ರಿಯೇಟ್‌ರೂಟ್ ಬರೆಯಬೇಕು. ಮುಂದೆ ರೌಟರ್ (ಆ್ಯಪ್‌ನ ಒಂದು ಪುಟದಿಂದ ಇನ್ನೊಂದಕ್ಕೆ ಹೋಗಲು ಬಳಸುವ ಬೇರೆ ಲೈಬ್ರರಿ) ಪಾಠ. ವಿಳಾಸಕ್ಕೆ ತಕ್ಕ ಪುಟ ಆರಿಸುವ ಅಲ್ಲಿನ ಸ್ವಿಚ್, ರೌಟರ್‌ನ 2021ರಲ್ಲಿ ಬಂದ ಆರನೇ ವರ್ಷನ್‌ನಲ್ಲೇ ಹೋಗಿ ರೌಟ್ಸ್ ಆಗಿದೆ.

ಹಾಗಾದ್ರೆ ಹಳೇ ವರ್ಷನ್‌ಗಳನ್ನೇ ಹಾಕ್ಕೊಂಡ್ರೆ ಆಯ್ತಲ್ವಾ? ಅದನ್ನೂ ನೋಡಿದೆ. ಆ ಕಾಲದ ಪ್ಯಾಕೇಜ್ ಫೈಲ್ (ಯಾವ ಲೈಬ್ರರಿಯ ಯಾವ ವರ್ಷನ್ ಬೇಕು ಅನ್ನೋ ಪಟ್ಟಿ) ಹೊಸ ನೋಡ್ (ಕಂಪ್ಯೂಟರ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ಪ್ರೋಗ್ರಾಂ) ಮೇಲೆ ಓಪನ್‌ಎಸ್‌ಎಸ್‌ಎಲ್ (ನೋಡ್ ಒಳಗಿನ ಎನ್‌ಕ್ರಿಪ್ಶನ್ ಲೈಬ್ರರಿ) ಎರರ್ ಕೊಟ್ಟು ನಿಂತಿತು. ನೋಡ್ 16ಕ್ಕೆ ಇಳಿದರೆ ಓಡುತ್ತದೆ, ಆದರೆ ಅದರ ಬೆಂಬಲ 2023ರಲ್ಲೇ ಮುಗಿದಿದೆ. ಕಲಿಯೋಕೆ ಪರವಾಗಿಲ್ಲ, ಅದರ ಮೇಲೆ ಕೆಲಸದ ಆ್ಯಪ್ ಮಾತ್ರ ಕಟ್ಟಬೇಡಿ.

ರಿಯಾಕ್ಟ್‌ನವರದ್ದೇ ಡಾಕ್ಸ್, ಅಂದರೆ ಅಧಿಕೃತ ಕೈಪಿಡಿ, 2023ರಲ್ಲಿ ಹೊಸದಾಗಿ ಬರೆದದ್ದು. ಶುರುವಿನಿಂದಲೇ ಹುಕ್ಸ್ (ಫಂಕ್ಷನ್‌ನಲ್ಲೇ ಸ್ಟೇಟ್ ಇತ್ಯಾದಿ ಬಳಸುವ ಈಗಿನ ರೀತಿ). ಉದಾಹರಣೆಗಳನ್ನು ಬ್ರೌಸರ್‌ನಲ್ಲೇ ತಿದ್ದಿ ನೋಡಬಹುದು, ಏನೂ ಇನ್‌ಸ್ಟಾಲ್ ಮಾಡುವ ಗೋಜಿಲ್ಲ. ನನಗೆ ಹೆಚ್ಚು ಹಿಡಿಸಿದ್ದು ಬೇರೆ: ಹಳೇ ಡಾಕ್ಸ್ ಅಳಿಸಿಲ್ಲ, ಬೇರೆ ವಿಳಾಸಕ್ಕೆ ಸಾಗಿಸಿ, ಇದು ಹಳತು ಅಂತ ಮೇಲೆ ಬೋರ್ಡ್ ಹಾಕಿದ್ದಾರೆ. ಎಷ್ಟು ಜನ ಪಾಠದವರು ಇಷ್ಟು ಮಾಡ್ತಾರೆ ಹೇಳಿ? ಕೊರತೆ ಅಂದರೆ ಓದೋದು ಜಾಸ್ತಿ. ರೌಟರ್‌ಗೆ ಅದರದ್ದೇ ಡಾಕ್ಸ್ ಹುಡುಕಬೇಕು.

ಎಐ ಚಾಟ್ ಎಲ್ಲಕ್ಕಿಂತ ಬೇಗ. ಆದರೆ ಅದು ಓದಿ ಬೆಳೆದಿರೋದು ಇದೇ ಹಳೇ ಪಾಠಗಳನ್ನೂ ಸೇರಿಸಿ. ಸುಮ್ನೆ ಕೇಳಿದಾಗ ಕ್ರಿಯೇಟ್‌ರೂಟ್ ಸರಿಯಾಗಿ ಕೊಟ್ಟು, ಪಕ್ಕದಲ್ಲೇ ಹಳೇ ಸ್ವಿಚ್ ಇಟ್ಟಿತ್ತು. ಇಂಥ ಕಲಬೆರಕೆ ಪೂರ್ತಿ ಹಳೇ ಕೋಡ್‌ಗಿಂತ ಕಷ್ಟ, ಯಾವುದು ಯಾವ ಕಾಲದ್ದು ಅಂತ ಹೊಸಬರಿಗೆ ಗೊತ್ತಾಗಲ್ಲ. ನನ್ನ ಪ್ಯಾಕೇಜ್ ಫೈಲ್ ಅಂಟಿಸಿ ಕೇಳಿದ ಮೇಲೆ ಉತ್ತರ ಬಹಳ ಸುಧಾರಿಸಿತು.

ನನ್ನ ಆಯ್ಕೆ ಡಾಕ್ಸ್. ಎರರ್ ಬಂದಾಗ ಎಐ. ವಿಡಿಯೊ ನೋಡೋದಾದರೆ ಕೈ ಕಟ್ಟಿ ಕೂತು ವಿಷಯ ತಿಳಿಯೋಕೆ ಮಾತ್ರ. ಹೊಸ ಸರಣಿ ಆರಿಸುವಾಗ ಶೀರ್ಷಿಕೆಯಲ್ಲಿರುವ ವರ್ಷ ನಂಬಬೇಡಿ, ಅದನ್ನು ಯಾವಾಗ ಬೇಕಾದರೂ ಬದಲಿಸಬಹುದು. ಅಪ್‌ಲೋಡ್ ಆದ ದಿನ ಮತ್ತು ಮೊದಲು ಹೊಡೆಯುವ ಕಮಾಂಡ್, ಇವೆರಡು ನೋಡಿ ಸಾಕು.